ಟೆಲಿವಿಷನ್ ಕಾಲಾರಂಭದ ಗೊಂಬೆಯಾಟದ ಮುದ್ರಿಕೆಗಳು: ಉಳಿಸುವ ಕೆಲಸ ಮೊದಲೋ, ಬಿಡುಗಡೆ ಮೊದಲೋ?

ಪ್ರಶ್ನೆ – ಉಡುಪಿ ಮೇಷ್ಟ್ರು

ಸದಸ್ಯರೆಲ್ಲರಿಗೂ ನಮಸ್ಕಾರ.

ಉಡುಪಿಯ ಕಾಲೇಜೊಂದರಲ್ಲಿ ದೃಶ್ಯಮಾಧ್ಯಮದ ಪಾಠ ಮಾಡುವ ನಾನು ಟೆಲಿವಿಷನ್ನಿನ ಆರಂಭದ ದಿನಗಳನ್ನು ವಿವರಿಸುವಾಗ ‘ಕುಕ್ಲಾ, ಫ್ರಾನ್ ಆ್ಯಂಡ್ ಓಲಿ’ ಎಂಬ ಅಮೆರಿಕದ ಗೊಂಬೆಯಾಟದ ಕೆಲವು ಕಂತುಗಳನ್ನು ವಿದ್ಯಾರ್ಥಿಗಳಿಗೆ ತೋರಿಸುತ್ತೇನೆ. 1947ರ ಅಕ್ಟೋಬರ್ 13ರಂದು ಶಿಕಾಗೊದ ಸ್ಥಳೀಯ ನಿಲ್ದಾಣವೊಂದರಲ್ಲಿ ಬೇರೆ ಹೆಸರಿನಿಂದ ಶುರುವಾಗಿ, ಮರುವರ್ಷ ಎನ್‌ಬಿಸಿ ಎಂಬ ರಾಷ್ಟ್ರೀಯ ಪ್ರಸಾರ ಜಾಲಕ್ಕೆ ಬಂದು, ಕೊನೆಗೆ 1957ರಲ್ಲಿ ಎಬಿಸಿ ಎಂಬ ಇನ್ನೊಂದು ಜಾಲದಲ್ಲಿ ಮುಗಿದ ಕಾರ್ಯಕ್ರಮ ಅದು. ಬರ್ ಟಿಲ್‌ಸ್ಟ್ರಾಮ್ ಎಂಬ ಒಬ್ಬರೇ ಕಲಾವಿದರು ಪುಟ್ಟ ರಂಗದ ಹಿಂದೆ ನಿಂತು ಕುಕ್ಲಾ, ಓಲಿ ಸೇರಿದಂತೆ ಎಲ್ಲ ಕೈಗೊಂಬೆಗಳನ್ನೂ ಆಡಿಸಿ, ಎಲ್ಲಕ್ಕೂ ತಾವೇ ದನಿ ಕೊಡುತ್ತಿದ್ದರು. ರಂಗದ ಮುಂದೆ ನಿಂತು ಆ ಗೊಂಬೆಗಳೊಡನೆ ಮಾತಾಡುತ್ತಿದ್ದವರು ಫ್ರಾನ್ ಆಲಿಸನ್. ಬರೆದಿಟ್ಟ ಸಂಭಾಷಣೆ ಇರಲಿಲ್ಲ. ಪ್ರಸಾರಕ್ಕೆ ಮೊದಲು ಆ ದಿನದ ಕಥೆಯ ಎಳೆಯನ್ನಷ್ಟೇ ಮಾತಾಡಿಕೊಂಡು, ಉಳಿದದ್ದನ್ನು ಕ್ಯಾಮೆರಾದ ಎದುರೇ ಕಟ್ಟುತ್ತಿದ್ದರು. ಯಕ್ಷಗಾನದಲ್ಲಿ ವೇಷ ಕಟ್ಟಿದ ಮೇಲೆ ರಂಗದಲ್ಲೇ ಅರ್ಥ, ಅಂದರೆ ಆಶು ಸಂಭಾಷಣೆ, ಹುಟ್ಟುವುದನ್ನು ಕಂಡು ಬೆಳೆದ ನಮ್ಮ ಹುಡುಗರಿಗೆ ಈ ಪದ್ಧತಿಯನ್ನು ವಿವರಿಸಲು ನನಗೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ.

ಈ ಕಾರ್ಯಕ್ರಮದ ಸುಮಾರು 700 ಫಿಲ್ಮ್ ಮುದ್ರಿಕೆಗಳು ಶಿಕಾಗೊ ಇತಿಹಾಸ ವಸ್ತುಸಂಗ್ರಹಾಲಯದಲ್ಲಿವೆ. ಟಿಲ್‌ಸ್ಟ್ರಾಮ್ ಅವರ ಹೆಸರಿನ ಕೃತಿಸ್ವಾಮ್ಯ ಟ್ರಸ್ಟು ಅವುಗಳಲ್ಲಿ ಕೆಲವನ್ನು ಡಿವಿಡಿಯಾಗಿ ಹೊರತಂದಿದೆ, ಯೂಟ್ಯೂಬಿನಲ್ಲೂ ಹಾಕಿದೆ. ನನ್ನ ಪ್ರಶ್ನೆ ಹುಟ್ಟಿದ್ದು ಇಲ್ಲಿಂದ. ನಮ್ಮ ಊರಿನ ಒಂದು ಸಣ್ಣ ಬಳಗದ ಬಳಿ 1980ರ ದಶಕದ ಯಕ್ಷಗಾನ ಗೊಂಬೆಯಾಟದ ಯು-ಮ್ಯಾಟಿಕ್ ಮತ್ತು ವಿಎಚ್‌ಎಸ್ ಎಂಬ ಹಳೆಯ ಮಾದರಿಯ ವಿಡಿಯೊ ಕ್ಯಾಸೆಟ್ಟುಗಳಿವೆ. ಒಳ್ಳೆಯ ಭಾಗಗಳನ್ನು ಆರಿಸಿ, ಚೊಕ್ಕ ಮಾಡಿ, ಬೇಗ ಜನರ ಮುಂದಿಡೋಣ ಎಂದು ಕೆಲವರು. ಮೊದಲು ಎಲ್ಲವನ್ನೂ ಇದ್ದಂತೆಯೇ ಡಿಜಿಟಲ್ ಮಾಡಿ, ಬಿಡುಗಡೆಯ ವಿಚಾರ ಆಮೇಲೆ ನೋಡೋಣ ಎಂದು ಇನ್ನು ಕೆಲವರು. ಅಮೆರಿಕದ ಆ ಉದಾಹರಣೆಯಿಂದ ನಾವು ಕಲಿಯಬಹುದಾದದ್ದು ಏನು? ಅಷ್ಟು ಮುದ್ರಿಕೆಗಳಿದ್ದೂ ಹೊರಬಂದದ್ದು ಅದರ ಒಂದು ಪಾಲು ಮಾತ್ರ ಏಕೆ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ – ರೀಲುಪೆಟ್ಟಿಗೆ, ಮಂಗಳೂರು

ಮೇಷ್ಟ್ರೇ, ಫಿಲ್ಮ್ ಪ್ರಯೋಗಾಲಯದಲ್ಲಿ ಕೆಲಸ ಮಾಡಿ ಈಗ ನಿವೃತ್ತನಾಗಿರುವ ನಾನು ತಂತ್ರದ ಮಟ್ಟಿಗೆ ಹೇಳಬಲ್ಲೆ.

ಆ ಮುದ್ರಿಕೆಗಳನ್ನು ಯಾರೂ ಮುಂದಿನ ತಲೆಮಾರಿಗೆಂದು ಮಾಡಿದ್ದಲ್ಲ ಎಂಬುದನ್ನು ಮೊದಲು ಗಮನಿಸಬೇಕು. 1949ರ ಜನವರಿಯಲ್ಲಿ ಶಿಕಾಗೊ ಮತ್ತು ಪೂರ್ವ ಕರಾವಳಿಯ ನಿಲ್ದಾಣಗಳು ಕೇಬಲ್ ಮೂಲಕ ಜೋಡಣೆಯಾದವು, ಆದರೆ ಪಶ್ಚಿಮ ಕರಾವಳಿಗೆ ಅಂಥ ಸಂಪರ್ಕ ಸಿಕ್ಕಿದ್ದು 1951ರ ಸೆಪ್ಟೆಂಬರಿನಲ್ಲಿ. ನೇರ ಪ್ರಸಾರ ತಲುಪದ ಊರುಗಳಿಗೆ ಕಾರ್ಯಕ್ರಮವನ್ನು ಕಳುಹಿಸಲು ಇದ್ದ ದಾರಿ ಒಂದೇ: ಟೆಲಿವಿಷನ್ ಪರದೆಯ ಎದುರು 16 ಮಿಲಿಮೀಟರ್ ಫಿಲ್ಮ್ ಕ್ಯಾಮೆರಾ ಇಟ್ಟು, ಪ್ರಸಾರ ನಡೆಯುತ್ತಿದ್ದಂತೆಯೇ ಅದನ್ನು ಚಿತ್ರೀಕರಿಸಿ, ಪ್ರತಿಯನ್ನು ಅಂಚೆಯಲ್ಲಿ ರವಾನಿಸುವುದು. ಇದನ್ನು ಕಿನೆಸ್ಕೋಪ್ ಎನ್ನುತ್ತಾರೆ. ಬಳಕೆಗೆ ಒದಗುವಂಥ ವಿಡಿಯೊ ಟೇಪು ಬಂದದ್ದು 1956ರಲ್ಲಿ. ಆದ್ದರಿಂದ ಅದಕ್ಕೂ ಹಿಂದಿನ ನೇರ ಪ್ರಸಾರಗಳಲ್ಲಿ ಇಂದು ನಾವು ನೋಡುವುದೆಲ್ಲ ಹೆಚ್ಚುಕಡಿಮೆ ಪರದೆಯ ಚಿತ್ರದ ಚಿತ್ರವೇ. ಕೆಲಸ ಮುಗಿದ ಮೇಲೆ ಅಂಥ ಪ್ರತಿಗಳಿಗೆ ಬೆಲೆಯಿಲ್ಲವೆಂದು ಬಹಳಷ್ಟನ್ನು ಎಸೆದರು, ಕೆಲವನ್ನು ಅದರಲ್ಲಿನ ಬೆಳ್ಳಿಗಾಗಿ ಕರಗಿಸಿದರು. ಟಿಲ್‌ಸ್ಟ್ರಾಮ್ ಅವರ ಕಾರ್ಯಕ್ರಮ ಇಷ್ಟೊಂದು ಉಳಿದಿರುವುದೇ ಆ ಕಾಲಕ್ಕೆ ಅಪರೂಪ. ಬ್ರಿಟನ್ನಿನಲ್ಲಿ 1946ರಲ್ಲಿ ಆರಂಭವಾದ ‘ಮಫಿನ್ ದ ಮ್ಯೂಲ್’ ಎಂಬ ಗೊಂಬೆಯಾಟ ನೇರ ಪ್ರಸಾರವಾದ ಕಾರಣ ಅದರ ಬಹುಭಾಗ ಉಳಿಯಲಿಲ್ಲ. ಅಲ್ಲಿಯದೇ 1950ರ ಗೊಂಬೆಯಾಟ ‘ಆ್ಯಂಡಿ ಪ್ಯಾಂಡಿ’ ಉಳಿದದ್ದು ಮತ್ತೆ ಮತ್ತೆ ತೋರಿಸುವುದಕ್ಕೆಂದೇ ಅದನ್ನು ಫಿಲ್ಮಿನಲ್ಲಿ ತೆಗೆದದ್ದರಿಂದ.

ಕಿನೆಸ್ಕೋಪಿನ ದೋಷಗಳು ಅದು ಹುಟ್ಟಿದ ಕ್ರಮದಲ್ಲೇ ಇವೆ. ಅಮೆರಿಕದ ಟೆಲಿವಿಷನ್ ಸೆಕೆಂಡಿಗೆ 30 ಚಿತ್ರ ತೋರಿಸಿದರೆ ಫಿಲ್ಮ್ ಕ್ಯಾಮೆರಾ ಹಿಡಿಯುವುದು 24; ಹಾಗಾಗಿ ಚಲನೆಯ ಒಂದಂಶ ಕಳೆದೇ ಹೋಗುತ್ತದೆ. ಬೆಳಕಿನ ಭಾಗ ಇನ್ನೂ ಬೆಳ್ಳಗಾಗಿ, ನೆರಳು ಇನ್ನೂ ಕಪ್ಪಾಗಿ, ನಡುವಿನ ಛಾಯೆಗಳು ಕಡಿಮೆಯಾಗುತ್ತವೆ. ಗೊಂಬೆಯಾಟದಲ್ಲಿ ಇದು ಸಣ್ಣ ನಷ್ಟವಲ್ಲ. ಮುಖದಲ್ಲಿ ಒಂದೇ ಭಾವವಿರುವ ಗೊಂಬೆ ತನ್ನ ಭಾವವನ್ನೆಲ್ಲ ತಲೆ ತಿರುಗಿಸುವ ವೇಗದಲ್ಲಿ, ಕೈ ಎತ್ತುವ ಹೊತ್ತಿನಲ್ಲಿ ತೋರಿಸಬೇಕು. ಅಲ್ಲಿ ಒಂದೆರಡು ಚಿತ್ರ ಬಿದ್ದುಹೋದರೂ ನೋಡುವವನಿಗೆ ಏನೋ ತಡವರಿಸಿದಂತೆ ಕಾಣುತ್ತದೆ.

ಇನ್ನು ಫಿಲ್ಮಿನ ಆಯುಸ್ಸು. 16 ಮಿಲಿಮೀಟರ್ ಫಿಲ್ಮಿನ ಆಧಾರ ಅಸಿಟೇಟ್. ಶಾಖ ಮತ್ತು ತೇವಕ್ಕೆ ಅದು ನಿಧಾನವಾಗಿ ಒಡೆದು ಅಸಿಟಿಕ್ ಆಮ್ಲ ಬಿಡುತ್ತದೆ; ಡಬ್ಬಿ ತೆರೆದ ಕೂಡಲೇ ವಿನಿಗರಿನ ವಾಸನೆ ಹೊಡೆಯುತ್ತದೆ. ಆ ಆಮ್ಲ ಡಬ್ಬಿಯೊಳಗೇ ಉಳಿದು ಕೊಳೆಯುವಿಕೆಯನ್ನು ಮತ್ತಷ್ಟು ವೇಗಗೊಳಿಸುತ್ತದೆ, ಪಕ್ಕದ ರೀಲುಗಳಿಗೂ ತಗಲುತ್ತದೆ. 21 ಡಿಗ್ರಿ ಸೆಲ್ಸಿಯಸ್, ಶೇಕಡಾ 50ರಷ್ಟು ತೇವ ಇರುವ ಕೋಣೆಯಲ್ಲಿ ಹೊಸ ಫಿಲ್ಮಿಗೆ ಈ ರೋಗ ಹತ್ತಲು ಸುಮಾರು 40 ವರ್ಷ ಹಿಡಿಯುತ್ತದೆ ಎಂಬುದು ಒಪ್ಪಿತ ಅಂದಾಜು. ನಮ್ಮ ಮಂಗಳೂರಿನ ಮಳೆಗಾಲದಲ್ಲಿ ತೇವ ಎಷ್ಟಿರುತ್ತದೆ ಎಂಬುದನ್ನು ನಿಮಗೆ ಹೇಳಬೇಕಾಗಿಲ್ಲ. ಕುಗ್ಗಿದ ಫಿಲ್ಮನ್ನು ಹಲ್ಲಿನ ಚಕ್ರದ ಯಂತ್ರದಲ್ಲಿ ಓಡಿಸಿದರೆ ರಂಧ್ರಗಳು ಹರಿಯುತ್ತವೆ. ಆದ್ದರಿಂದ ಹಲ್ಲುಗಳಿಲ್ಲದ, ಉರುಳೆಗಳ ಮೇಲೆ ನಡೆಸುವ ಸ್ಕ್ಯಾನರ್ ಬಳಸುತ್ತಾರೆ. ಸ್ಕ್ಯಾನ್ ಆಯಿತೆಂದು ಮೂಲ ಫಿಲ್ಮನ್ನು ಎಸೆಯುವುದಂತೂ ಅಪರಾಧವೆಂದೇ ನಾನು ತಿಳಿಯುತ್ತೇನೆ. ಇಂದಿನ ಸ್ಕ್ಯಾನರಿಗೆ ಕಾಣದ್ದು ನಾಳಿನದಕ್ಕೆ ಕಾಣಬಹುದು.

ಉತ್ತರ – ಉಪ್ಪಿನಕುದ್ರು ಪ್ರೇಕ್ಷಕಿ

ಮೇಷ್ಟ್ರ ಪ್ರಶ್ನೆಯಲ್ಲಿ ‘ಒಳ್ಳೆಯ ಭಾಗಗಳನ್ನು ಆರಿಸಿ’ ಎಂಬ ಮಾತು ನನ್ನನ್ನು ತಡೆಯಿತು.

ಗೊಂಬೆಯಾಟದ ಕಲಾವಿದ ಕೊಗ್ಗ ಕಾಮತರ ಕಾಲದ ಉಪ್ಪಿನಕುದ್ರು ಗೊಂಬೆಯಾಟವನ್ನು ಕಂಡ ನಮ್ಮಂಥವರಿಗೆ ಬಡಗುತಿಟ್ಟಿನ ವೇಷ ತೊಟ್ಟ ಮರದ ಗೊಂಬೆ ಚೆಂಡೆ ಮದ್ದಳೆಗೆ ಹೆಜ್ಜೆ ಹಾಕುವುದಷ್ಟೇ ಆಟವಲ್ಲ. ಭಾಗವತರು ಪದ್ಯ ಎತ್ತಿದ ಮೇಲೆ ಪರದೆಯ ಹಿಂದಿನಿಂದ ಬರುವ ಮಾತು ಪ್ರತಿ ರಾತ್ರಿಯೂ ಬೇರೆಯೇ. ಪ್ರಸಂಗದ ಪುಸ್ತಕದಲ್ಲಿ ಪದ್ಯವಿದೆ, ಅರ್ಥವಿಲ್ಲ. ಆ ರಾತ್ರಿಯ ಅರ್ಥಕ್ಕೆ ಆ ರಾತ್ರಿಯ ಮುದ್ರಿಕೆಯೇ ಏಕೈಕ ಗ್ರಂಥ. ಟಿಲ್‌ಸ್ಟ್ರಾಮ್ ಅವರ ಸಂಗತಿಯೂ ಇದೇ ಅಲ್ಲವೇ? ನಾಟಕಕ್ಕೆ ಹಸ್ತಪ್ರತಿಯಿದ್ದರೆ ಒಂದು ಪ್ರದರ್ಶನದ ಚಿತ್ರ ಹಾಳಾದರೂ ನಾಟಕ ಉಳಿಯುತ್ತದೆ. ಇಲ್ಲಿ ರೀಲು ಹೋದರೆ ಕೃತಿಯೇ ಹೋಯಿತು. ಹಾಗಿರುವಾಗ ಅದರಲ್ಲಿ ಒಳ್ಳೆಯದು ಯಾವುದು, ಬೇಡದ್ದು ಯಾವುದು ಎಂದು ಉಳಿಸುವ ಹಂತದಲ್ಲೇ ತೀರ್ಮಾನಿಸುವ ಹಕ್ಕು ನಮಗೆಲ್ಲಿಯದು?

ಇನ್ನೊಂದು ಉದಾಹರಣೆ ಕೊಡುತ್ತೇನೆ. ಆ ಕಾರ್ಯಕ್ರಮಕ್ಕೆ ಆರ್‌ಸಿಎ ವಿಕ್ಟರ್, ಸೀಲ್‌ಟೆಸ್ಟ್ ಮುಂತಾದ ಪ್ರಾಯೋಜಕರಿದ್ದರು. ಜಾಹೀರಾತು ಬೇರೆಯಾಗಿ ಬರುತ್ತಿರಲಿಲ್ಲ, ಗೊಂಬೆಗಳೇ ಫ್ರಾನ್ ಜೊತೆ ಹರಟುತ್ತಾ ಮಾಲಿನ ಗುಣಗಾನ ಮಾಡಿ, ನಡುವೆ ಅದನ್ನೇ ಗೇಲಿ ಮಾಡಿ ಮುಂದೆ ಹೋಗುತ್ತಿದ್ದವು. ಜಾಹೀರಾತೆಂದು ಅದನ್ನು ಕತ್ತರಿಸಿದರೆ ಆ ಸಂಜೆಯ ಅತ್ಯುತ್ತಮ ಹಾಸ್ಯವೇ ಹೋಗಬಹುದು. ನಮ್ಮ ಕ್ಯಾಸೆಟ್ಟುಗಳಲ್ಲಿ ಆಟದ ನಡುವೆ ಮೈಕಿನಲ್ಲಿ ದೇಣಿಗೆ ಕೊಟ್ಟವರ ಹೆಸರು ಓದುವುದು, ಯಾರದೋ ಮಗು ಕಾಣೆಯಾಗಿದೆಯೆಂದು ಹೇಳುವುದು, ಗ್ಯಾಸ್‌ಲೈಟಿನದೋ ಜನರೇಟರಿನದೋ ಸದ್ದು, ಎಲ್ಲವೂ ಇರುತ್ತದೆ. ಚೊಕ್ಕ ಮಾಡುವವರ ಕೈಗೆ ಮೊದಲು ಬಲಿಯಾಗುವುದು ಇವೇ. ಆಟ ಯಾವ ಊರಿನದು, ಯಾರು ಆಡಿಸಿದ್ದು, ಜನ ಯಾವ ಮಾತಿಗೆ ನಕ್ಕರು ಎಂಬುದು ಮುಂದೆ ಅಭ್ಯಾಸ ಮಾಡುವವರಿಗೆ ಅಲ್ಲಿಂದಲೇ ತಿಳಿಯಬೇಕು.

ಇನ್ನು ಕಂಪ್ಯೂಟರಿನಿಂದ ಬಣ್ಣ ತುಂಬುವವರು, ಇಲ್ಲದ ಚಿತ್ರಗಳನ್ನು ಸೃಷ್ಟಿಸಿ ಸೆಕೆಂಡಿಗೆ 60 ಮಾಡುವವರು ಈಗ ಎಲ್ಲೆಡೆ ಇದ್ದಾರೆ. ಬಿಬಿಸಿಯ ಹಳೆಯ ಧಾರಾವಾಹಿ ‘ಡಾಕ್ಟರ್ ಹೂ’ ಕಂತುಗಳಿಗೆ ಹಳೆಯ ವಿಡಿಯೊದ ನಯವನ್ನು ಮರಳಿ ತರುವ ವಿಡ್‌ಫೈರ್ ಎಂಬ ವಿಧಾನವನ್ನು ಬಳಸಿದ್ದು ನನಗೆ ಗೊತ್ತು, ಅದರ ಬಗ್ಗೆ ಗೌರವವೂ ಇದೆ; ಏಕೆಂದರೆ ಮೊದಲ ಪ್ರಸಾರ ಹೇಗಿತ್ತೋ ಅದರ ಹತ್ತಿರ ಹೋಗುವುದು ಅದರ ಉದ್ದೇಶ. ಆದರೆ ಕಪ್ಪುಬಿಳುಪಿನಲ್ಲೇ ಪ್ರಸಾರವಾದ ಗೊಂಬೆಯ ಅಂಗಿಗೆ ನಮಗೆ ತೋಚಿದ ಬಣ್ಣ ಬಳಿಯುವುದನ್ನು ಸಂರಕ್ಷಣೆ ಎನ್ನಲಾಗದು. ಟಿಲ್‌ಸ್ಟ್ರಾಮ್ ತಂಡದ ‘ಸೇಂಟ್ ಜಾರ್ಜ್ ಆ್ಯಂಡ್ ದ ಡ್ರ್ಯಾಗನ್’ 1953ರ ಆಗಸ್ಟ್ 30ರಂದು ಪ್ರಾಯೋಗಿಕವಾಗಿ ಬಣ್ಣದಲ್ಲೇ ಪ್ರಸಾರವಾಯಿತು. ಅಂಥ ಒಂದು ಸಂದರ್ಭಕ್ಕೆ ಬಣ್ಣದ ಮಾತಾಡಿದರೆ ಕೇಳಿಸಿಕೊಂಡೇನು.

ಉತ್ತರ – ಕೊಡಿಯಾಲ್‌ಬೈಲ್ ವಕೀಲ

ಅಷ್ಟು ಮುದ್ರಿಕೆಗಳಿದ್ದೂ ಸ್ವಲ್ಪವೇ ಏಕೆ ಹೊರಬರುತ್ತದೆ ಎಂಬ ಪ್ರಶ್ನೆಗೆ ಮೇಲಿನಿಬ್ಬರೂ ಉತ್ತರಿಸಿಲ್ಲ, ಆದ್ದರಿಂದ ಹಕ್ಕುಗಳ ಬಗ್ಗೆ ಬರೆಯುತ್ತೇನೆ.

ಡಬ್ಬಿ ಯಾರ ಬಳಿಯಿದೆಯೋ ಅವರಿಗೇ ಅದನ್ನು ಹೊರತರುವ ಹಕ್ಕಿದೆ ಎಂದು ಅನೇಕರು ಭಾವಿಸುತ್ತಾರೆ. ಹಾಗಲ್ಲ. ವಸ್ತುಸಂಗ್ರಹಾಲಯ ಫಿಲ್ಮಿನ ಒಡೆಯನಾಗಬಹುದು, ಪಾತ್ರಗಳ ಮತ್ತು ಕೃತಿಯ ಹಕ್ಕು ಕಲಾವಿದರ ಟ್ರಸ್ಟಿನದ್ದಾಗಿರಬಹುದು, ಅದರಲ್ಲಿ ಹಾಡಿದ ಹಾಡಿನ ಹಕ್ಕು ಮೂರನೆಯವರದ್ದು. ಹಳೆಯ ಟೆಲಿವಿಷನ್ ಕಾರ್ಯಕ್ರಮಗಳ ಬಿಡುಗಡೆ ಎಡವುವುದು ಸಾಮಾನ್ಯವಾಗಿ ಈ ಹಾಡುಗಳಲ್ಲಿಯೇ. ಪ್ರಸಾರ ಸಂಸ್ಥೆಗಳು ಒಟ್ಟು ಶುಲ್ಕ ಕಟ್ಟಿ ಪಡೆಯುವ ಪರವಾನಗಿ ಪ್ರಸಾರಕ್ಕೆ ಸಾಕು, ಆದರೆ ಅದೇ ಕಂತನ್ನು ಡಿವಿಡಿಯಾಗಿ ಮಾರಬೇಕಾದರೆ ಪ್ರತಿ ಹಾಡಿಗೂ ಪ್ರತ್ಯೇಕ ಒಪ್ಪಿಗೆ ಬೇಕಾಗುತ್ತದೆ. ಕುಕ್ಲಾ ತಂಡದವರು ತಮ್ಮ ಸಂಗೀತಗಾರ ಜ್ಯಾಕ್ ಫ್ಯಾಸಿನೇಟೊ ಅವರೊಡನೆ ಸ್ವಂತ ಹಾಡುಗಳನ್ನೂ ಹಾಡುತ್ತಿದ್ದರು, ಆ ಕಾಲದ ಜನಪ್ರಿಯ ಗೀತೆಗಳನ್ನೂ ಹಾಡುತ್ತಿದ್ದರು. ಎರಡನೆಯ ಬಗೆಯ ಹಾಡಿರುವ ಕಂತು ಕಪಾಟಿನಲ್ಲೇ ಉಳಿದರೆ ಆಶ್ಚರ್ಯಪಡಬೇಕಾಗಿಲ್ಲ. ಇದರಿಂದಾಗಿ ಹೊರಬರುವ ಕಂತುಗಳ ಆಯ್ಕೆ ಗುಣದಿಂದಲ್ಲ, ಹಕ್ಕಿನ ಸಲೀಸಿನಿಂದ ಆಗುವ ಅಪಾಯವಿದೆ. ನೋಡುವವರು ಅದನ್ನೇ ಕಾರ್ಯಕ್ರಮದ ಪೂರ್ಣ ಸ್ವರೂಪ ಎಂದು ತಿಳಿಯುತ್ತಾರೆ.

ನಮ್ಮಲ್ಲಿಗೆ ಬಂದರೆ, 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ವಿಡಿಯೊ ಮುದ್ರಿಕೆಯೂ ಚಲನಚಿತ್ರದ ಲೆಕ್ಕದಲ್ಲೇ ಬರುತ್ತದೆ. ಅದರ ಹಕ್ಕು ಸಾಮಾನ್ಯವಾಗಿ ನಿರ್ಮಾಪಕರದ್ದು, ಅವಧಿ ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ. ಕ್ಯಾಮೆರಾ ಹಿಡಿದವರು ಯಾರು ಎಂಬುದಕ್ಕಿಂತ ದುಡ್ಡು ಹಾಕಿ, ಹೊಣೆ ಹೊತ್ತು ಮುದ್ರಿಸಿದವರು ಯಾರು ಎಂಬುದನ್ನು ನೀವು ಹುಡುಕಬೇಕು. ಪದ್ಯಗಳ ವಿಷಯದಲ್ಲಿ ಹಳೆಯ ಪ್ರಸಂಗಗಳಾದರೆ ಚಿಂತೆಯಿಲ್ಲ, ಪಾರ್ತಿಸುಬ್ಬನ ಪದ್ಯಕ್ಕೆ ಯಾರೂ ತಕರಾರು ತೆಗೆಯಲಾರರು. ಇತ್ತೀಚಿನ ಕವಿಯ ಪ್ರಸಂಗವಾದರೆ ಕವಿ ತೀರಿಹೋಗಿ 60 ವರ್ಷ ಆಗಿದೆಯೇ ಎಂದು ನೋಡಬೇಕು. ಭಾಗವತರು, ಹಿಮ್ಮೇಳದವರು, ಅರ್ಥ ಹೇಳಿದವರು, ಸೂತ್ರ ಹಿಡಿದವರು ಕಾಯಿದೆಯ ಭಾಷೆಯಲ್ಲಿ ಪ್ರದರ್ಶಕರು. ಪ್ರದರ್ಶಕರ ಹಕ್ಕು ನಮ್ಮ ಕಾಯಿದೆಗೆ ಬಂದದ್ದು 1994ರ ತಿದ್ದುಪಡಿಯಿಂದ, ಅವಧಿ ಈಗ 50 ವರ್ಷ. ಅದಕ್ಕೂ ಹಿಂದಿನ ಪ್ರದರ್ಶನಕ್ಕೆ ಅದು ಎಷ್ಟರಮಟ್ಟಿಗೆ ಅನ್ವಯ ಎಂದು ನ್ಯಾಯಾಲಯದಲ್ಲಿ ವಾದ ಮಾಡಬಹುದು. ಆದರೆ ಕಲಾವಿದರ ಮನೆಗೆ ಹೋಗಿ, ಮುದ್ರಿಕೆಯನ್ನು ಅವರಿಗೇ ತೋರಿಸಿ, ಲಿಖಿತ ಒಪ್ಪಿಗೆ ಪಡೆಯುವ ದಾರಿ ಇರುವಾಗ ಆ ವಾದ ನಿಮಗೇಕೆ?

ಉಳಿಸುವುದು ಮೊದಲೋ ಬಿಡುಗಡೆ ಮೊದಲೋ ಎಂಬುದಕ್ಕೆ ಕಾಯಿದೆಯಲ್ಲೇ ಒಂದು ಸುಳಿವಿದೆ. ಲಾಭದ ಉದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯವು ತನ್ನ ಬಳಿ ಈಗಾಗಲೇ ಇರುವ ಕೃತಿಯನ್ನು ಸಂರಕ್ಷಣೆಗಾಗಿ ಡಿಜಿಟಲ್ ರೂಪದಲ್ಲಿ ಸಂಗ್ರಹಿಸಲು 52ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಜಾಲತಾಣದಲ್ಲಿ ಹಾಕಲು ಕೊಡುವುದಿಲ್ಲ. ಅಂದರೆ ಒಪ್ಪಿಗೆಗಳು ಬರುವ ತನಕ ಕಾಯದೆ ಮೊದಲ ಕೆಲಸವನ್ನು ಅಂಥ ಗ್ರಂಥಾಲಯದ ಮೂಲಕ ಇವತ್ತೇ ಶುರು ಮಾಡಬಹುದು. ಉಡುಪಿಯ ಎಂ.ಜಿ.ಎಂ. ಕಾಲೇಜಿನ ಆವರಣದಲ್ಲಿ ಕು.ಶಿ. ಹರಿದಾಸ ಭಟ್ಟರು ಕಟ್ಟಿದ ಪ್ರಾದೇಶಿಕ ರಂಗಕಲೆಗಳ ಕೇಂದ್ರಕ್ಕೆ ಜಾನಪದ ಕಲೆಗಳ ದಾಖಲೀಕರಣದಲ್ಲಿ ದೀರ್ಘ ಅನುಭವವಿದೆ. ನಿಮ್ಮ ಊರಿನಲ್ಲೇ ಇರುವಾಗ ಮೊದಲು ಅಲ್ಲಿ ವಿಚಾರಿಸುವುದು ಒಳ್ಳೆಯದು.

ಮರುಪ್ರಶ್ನೆ – ಉಡುಪಿ ಮೇಷ್ಟ್ರು

ಮೂವರಿಗೂ ಕೃತಜ್ಞತೆಗಳು. ವಕೀಲರು ಹೇಳಿದಂತೆ ಎರಡು ಕೆಲಸಗಳನ್ನು ಬೇರೆ ಮಾಡಿಕೊಂಡರೆ ನಮ್ಮ ಬಳಗದ ಜಗಳ ಅರ್ಧ ಮುಗಿದಂತೆ. ಉಳಿದರ್ಧ ಹಣದ್ದು. ಒಳ್ಳೆಯ ಭಾಗಗಳನ್ನು ಮೊದಲು ಹೊರಬಿಟ್ಟರೆ ಜನರ ಆಸಕ್ತಿ ಹುಟ್ಟಿ, ದೇಣಿಗೆ ಬಂದು, ಉಳಿದದ್ದನ್ನು ಉಳಿಸಬಹುದು ಎಂಬ ವಾದವನ್ನು ನಾನು ಸುಲಭವಾಗಿ ತಳ್ಳಿಹಾಕಲಾರೆ. ಯಾರೂ ನೋಡದ ಸಂಗ್ರಹಕ್ಕೆ ಯಾರು ದುಡ್ಡು ಕೊಡುತ್ತಾರೆ? ಮತ್ತೆ, ನಮ್ಮಲ್ಲಿರುವುದು ಫಿಲ್ಮ್ ಅಲ್ಲ, ಟೇಪು. ಕೆಲವು ಕ್ಯಾಸೆಟ್ಟುಗಳ ಕಿಟಕಿಯಲ್ಲಿ ಬಿಳಿ ಬೂಸ್ಟು ಕಾಣುತ್ತಿದೆ. ಅದಕ್ಕೇನು ಮಾಡಬೇಕು?

ಉತ್ತರ – ರೀಲುಪೆಟ್ಟಿಗೆ, ಮಂಗಳೂರು

ಬೂಸ್ಟು ಇರುವ ಕ್ಯಾಸೆಟ್ಟನ್ನು ಯಾವ ಕಾರಣಕ್ಕೂ ಯಂತ್ರಕ್ಕೆ ಹಾಕಬೇಡಿ. ಅದು ಪ್ಲೇಯರಿನಲ್ಲಿ ಟೇಪನ್ನು ಓದುವ ಹೆಡ್ಡಿಗೆ ಅಂಟಿಕೊಂಡು, ಅಲ್ಲಿಂದ ಒಳ್ಳೆಯ ಕ್ಯಾಸೆಟ್ಟುಗಳಿಗೂ ಹರಡುತ್ತದೆ. ಅಂಥವನ್ನು ಬೇರೆ ಪೆಟ್ಟಿಗೆಯಲ್ಲಿಟ್ಟು, ಒಣ ಕೋಣೆಯಲ್ಲಿ ಇರಿಸಿ, ಮುಖಕ್ಕೆ ಮಾಸ್ಕ್ ಹಾಕಿಕೊಂಡು ಶುಚಿ ಮಾಡಬಲ್ಲ ಅನುಭವಿಗಳಿಗೆ ಕೊಡಿ. ಬಿಸಿಲಿಗೆ ಇಡುವುದು ಬೇಡ. ನಮ್ಮ ಕಡೆ ಹಪ್ಪಳದಿಂದ ಹಿಡಿದು ಎಲ್ಲವನ್ನೂ ಅಂಗಳಕ್ಕೆ ತರುವ ಅಭ್ಯಾಸ ಇರುವುದರಿಂದ ಇದನ್ನು ಹೇಳಲೇಬೇಕಾಯಿತು.

ಟೇಪಿನ ವಿಷಯದಲ್ಲಿ ಫಿಲ್ಮಿಗಿಂತ ಅವಸರ ಹೆಚ್ಚು. ಫಿಲ್ಮನ್ನು ದೀಪಕ್ಕೆ ಹಿಡಿದರೆ ಚಿತ್ರ ಕಣ್ಣಿಗೇ ಕಾಣುತ್ತದೆ. ಟೇಪು ಓದಲು ಯಂತ್ರವೇ ಬೇಕು, ಆ ಯಂತ್ರವನ್ನು ಈಗ ಯಾರೂ ತಯಾರಿಸುವುದಿಲ್ಲ. ವಿಎಚ್‌ಎಸ್ ಪ್ಲೇಯರ್ ಮಾಡುತ್ತಿದ್ದ ಕೊನೆಯ ಪ್ರಮುಖ ಕಂಪನಿಯಾದ ಜಪಾನಿನ ಫುನಾಯ್ 2016ರಲ್ಲಿ ನಿಲ್ಲಿಸಿತು. ಯು-ಮ್ಯಾಟಿಕ್ ಅದಕ್ಕೂ ಬಹಳ ಮೊದಲೇ ಬಳಕೆ ತಪ್ಪಿತ್ತು. ಸವೆದ ಹೆಡ್ಡಿಗೆ ಬದಲಿ ಸಿಗದ ದಿನ ಬಂದಾಗ ಕ್ಯಾಸೆಟ್ಟು ಚೆನ್ನಾಗಿದ್ದೂ ಪ್ರಯೋಜನವಿಲ್ಲ. ಆದ್ದರಿಂದ ನಿಮ್ಮಲ್ಲಿ ಯು-ಮ್ಯಾಟಿಕ್‌ಗಳೇ ಮೊದಲ ಸರದಿಯಲ್ಲಿರಲಿ.

ಡಿಜಿಟಲ್ ಮಾಡುವಾಗ ಎರಡು ಪ್ರತಿ ಬೇರೆ ಬೇರೆ ಎಂದು ತಿಳಿಯಿರಿ. ಮೂಲಪ್ರತಿಗಾಗಿ ಟೇಪಿನ ಸಂಕೇತವನ್ನು ಅದರ ಅಲುಗಾಟ ಸರಿಪಡಿಸುವ ಟೈಮ್ ಬೇಸ್ ಕರೆಕ್ಟರ್ ಎಂಬ ಸಾಧನದ ಮೂಲಕ ಹಾಯಿಸಿ, ಪಾಲ್ ಎಂಬ ನಮ್ಮ ಟೆಲಿವಿಷನ್ ಪದ್ಧತಿಯ 720×576, ಸೆಕೆಂಡಿಗೆ 25 ಚಿತ್ರ ಹೇಗಿದೆಯೋ ಹಾಗೆಯೇ, ಪ್ರತಿ ಚಿತ್ರದ ಎರಡು ಫೀಲ್ಡುಗಳನ್ನು (ಬಿಟ್ಟುಬಿಟ್ಟು ಬರುವ ಗೆರೆಗಳ ಎರಡು ಅರ್ಧಗಳನ್ನು) ಕಲಸದೆ, ಎಫ್‌ಎಫ್‌ವಿ1 ಎಂಬ ನಷ್ಟವಿಲ್ಲದ ಕೋಡೆಕ್ಕಿನಲ್ಲಿ, ಅಂದರೆ ವಿಡಿಯೊ ಕುಗ್ಗಿಸುವ ಕ್ರಮದಲ್ಲಿ, ಇಡಿ. ಅದು ಮುಕ್ತ ತಂತ್ರ, ಯಾರ ಸ್ವತ್ತೂ ಅಲ್ಲ. ಒಂದು ಗಂಟೆಗೆ ಅಂದಾಜು 30ರಿಂದ 40 ಜಿಬಿ ಹಿಡಿಯುತ್ತದೆ. ಯೂಟ್ಯೂಬಿಗೆ ಬೇಕಾದ ಸಣ್ಣ ಪ್ರತಿಯನ್ನು ಅದರಿಂದ ಎಷ್ಟು ಸಲ ಬೇಕಾದರೂ ಮಾಡಿಕೊಳ್ಳಬಹುದು, ಸಣ್ಣದರಿಂದ ದೊಡ್ಡದನ್ನು ಮಾಡಲಾಗದು. ಕೇವಲ ಬಿಡುಗಡೆಗೆಂದು ಅವಸರದಲ್ಲಿ ಸಣ್ಣ ಪ್ರತಿ ಮಾಡಿಸಿ, ಕ್ಯಾಸೆಟ್ಟನ್ನು ಮತ್ತೆ ಅಟ್ಟಕ್ಕೆ ಹಾಕಿದವರನ್ನು ಬಹಳ ಕಂಡಿದ್ದೇನೆ. ಎರಡನೆಯ ಸಲ ಓಡಿಸುವಾಗ ಟೇಪು ಮೊದಲಿನ ಹಾಗಿರುವುದಿಲ್ಲ. ಹಣದ ವಾದಕ್ಕೆ ನನ್ನ ಉತ್ತರ ಇದೇ: ಯಂತ್ರ ಬಾಡಿಗೆಗೆ ತಂದು, ಕುಳಿತು, ಟೇಪು ಓಡಿಸುವ ಖರ್ಚು ಎರಡೂ ಕ್ರಮದಲ್ಲಿ ಒಂದೇ. ಹೆಚ್ಚಾಗುವುದು ಹಾರ್ಡ್ ಡಿಸ್ಕಿನ ಬೆಲೆ ಮಾತ್ರ. ಅಂಥ ಡಿಸ್ಕು ಎರಡಿರಲಿ, ಒಂದು ಉಡುಪಿಯಲ್ಲಿ, ಇನ್ನೊಂದು ಕಡಲಿನಿಂದ ದೂರದ ಊರಿನಲ್ಲಿ. ಪ್ರತಿ ಕಡತಕ್ಕೂ ಚೆಕ್‌ಸಮ್ (ಕಡತ ಬದಲಾಗಿದೆಯೇ ಎಂದು ತಿಳಿಸುವ ಲೆಕ್ಕದ ಸಂಖ್ಯೆ) ಬರೆದಿಟ್ಟು ವರ್ಷಕ್ಕೊಮ್ಮೆ ತಾಳೆ ನೋಡಿ.

ಉತ್ತರ – ಉಪ್ಪಿನಕುದ್ರು ಪ್ರೇಕ್ಷಕಿ

ಮೇಷ್ಟ್ರೇ, ಜನರಿಗೆ ಮೊದಲು ರುಚಿ ತೋರಿಸಬೇಕು ಎಂಬುದನ್ನು ನಾನೂ ಒಪ್ಪುತ್ತೇನೆ, ಆದರೆ ತುಣುಕುಗಳಿಂದ ಬೇಡ. ಟಿಲ್‌ಸ್ಟ್ರಾಮ್ ಟ್ರಸ್ಟಿನವರು ಹೊರತಂದದ್ದು ಇಡೀ ಕಂತುಗಳನ್ನು. ನಗುವ ಎರಡು ನಿಮಿಷವನ್ನಷ್ಟೇ ಕತ್ತರಿಸಿದರೆ ಓಲಿ ಎಂಬ ಒಂಟಿ ಹಲ್ಲಿನ ಡ್ರ್ಯಾಗನ್ ಬರೀ ವಿದೂಷಕನಾಗಿ ಕಾಣುತ್ತಾನೆ. ಪೂರ್ತಿ ಕಂತು ನೋಡಿದವರಿಗೆ ಅವನ ಜಂಭ, ಮುನಿಸು, ಫ್ರಾನ್ ಮೇಲಿನ ಸಲಿಗೆ ಎಲ್ಲವೂ ತಿಳಿಯುತ್ತದೆ. 1951ರ ನವೆಂಬರಿನಲ್ಲಿ ಎನ್‌ಬಿಸಿ ಆ ಕಾರ್ಯಕ್ರಮವನ್ನು ಅರ್ಧ ಗಂಟೆಯಿಂದ 15 ನಿಮಿಷಕ್ಕೆ ಇಳಿಸಿದಾಗ ಪ್ರೇಕ್ಷಕರು ಪತ್ರ ಬರೆದು ಪ್ರತಿಭಟಿಸಿದ್ದು ಸುಮ್ಮನೆ ಅಲ್ಲ. ನಿಮ್ಮ ಸಂಗ್ರಹದಲ್ಲಿ ಹಕ್ಕಿನ ತೊಡಕಿಲ್ಲದ, ಕಲಾವಿದರ ಕುಟುಂಬ ಒಪ್ಪಿದ ಒಂದೇ ಒಂದು ಪ್ರಸಂಗವನ್ನು ಆರಿಸಿ, ಪೀಠಿಕೆಯಿಂದ ಮಂಗಳದವರೆಗೆ ಪೂರ್ತಿಯಾಗಿ ಬಿಡುಗಡೆ ಮಾಡಿ. ಜೊತೆಗೆ ಆಟ ನಡೆದ ಊರು, ತಿಂಗಳು, ಭಾಗವತರು, ಮದ್ದಳೆಯವರು, ಸೂತ್ರಧಾರರು, ಅರ್ಥಧಾರಿಗಳು ಯಾರೆಂದು ಬರೆಯಿರಿ.

ಆ ಹೆಸರುಗಳನ್ನು ಗುರುತಿಸಬಲ್ಲ ಹಿರಿಯರು ಕುಂದಾಪುರ, ಕೋಟ, ಬ್ರಹ್ಮಾವರ ಕಡೆ ಇನ್ನೂ ಇದ್ದಾರೆ. ದನಿ ಕೇಳಿದ ಮಾತ್ರಕ್ಕೆ ಇಂಥವರ ಭಾಗವತಿಕೆ ಎನ್ನುವವರು ಅವರು. ಡಿಜಿಟಲ್ ಮಾಡುವ ಯಂತ್ರ ಸಿಗುವುದು ತಡವಾಗುವುದಾದರೆ ಅಷ್ಟರೊಳಗೆ ಕ್ಯಾಸೆಟ್ಟಿನ ಮೇಲಿನ ಚೀಟಿಗಳ ಫೋಟೊ ತೆಗೆದು ಅವರ ಬಳಿ ಹೋಗಿ ಬನ್ನಿ. ಈ ಮಳೆಗಾಲದಲ್ಲಿ ಮೇಳಗಳ ತಿರುಗಾಟವೂ ಇರುವುದಿಲ್ಲ, ಎಲ್ಲರೂ ಮನೆಯಲ್ಲೇ ಸಿಗುತ್ತಾರೆ.